ಬ್ಯಾಂಕ್ ಪರೀಕ್ಷೆಗೆ ಓದಿದವಳು ಕಂಪನಿಯ ಟ್ರೈನಿ ಆದದ್ದು: ಪೆರ್ಲದ ಕಡೆಯ ಒಂದು ಪ್ರಕರಣ

ಈ ಪ್ರಕರಣದ ಹುಡುಗಿ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಪೆರ್ಲದ ಕಡೆಯವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಕಾಸರಗೋಡಿನಲ್ಲಿ ಬಿ.ಕಾಂ., ಎಂ.ಕಾಂ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ, ರಸ್ತೆ ಬದಿಯಲ್ಲಿ ಅಪ್ಪನ ಜಿನಸಿ ಅಂಗಡಿ. ಅರ್ಜಿ ಹಾಕಿದ್ದು ಬಿಸ್ಕತ್ತು, ಸೋಪು, ಮಸಾಲೆ ಪುಡಿ ಮಾರುವ ಒಂದು ದೊಡ್ಡ ಕಂಪನಿಗೆ. ಹುದ್ದೆ ಮ್ಯಾನೇಜ್‌ಮೆಂಟ್ ಟ್ರೈನಿ, ಅಂದರೆ ಮ್ಯಾನೇಜರ್ ಕೆಲಸಕ್ಕೆ ತರಬೇತಿ ಪಡೆಯುವವರು. ನಾನು ಕಾಮರ್ಸ್ ಪಾಠ ಮಾಡುವವನು. ಅರ್ಜಿ ಹಾಕುವ ಮಕ್ಕಳ ಜೊತೆ ಕೂತು ಅವರ ಉತ್ತರ ಓದಿ ತಪ್ಪು ಹುಡುಕುವುದು ನನ್ನ ಸಂಜೆಯ ಕೆಲಸ. ಆಕೆಯ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ.

ಮೊದಲು ಹಿನ್ನೆಲೆ. ನಮ್ಮ ಕಡೆ ಡಿಗ್ರಿ ಮುಗಿದ ಕೂಡಲೇ ಬ್ಯಾಂಕ್ ಪರೀಕ್ಷೆಯ ಪುಸ್ತಕ ತರುವುದು ರೂಢಿ. ಇದಕ್ಕೆ ಕಾರಣವೂ ಇದೆ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಈಗ ಕೇರಳದಲ್ಲಿರುವ ಕಾಸರಗೋಡಿನ ನಾವೂ 1956ರ ನವೆಂಬರ್ 1ರವರೆಗೆ ಅದೇ ದಕ್ಷಿಣ ಕನ್ನಡ ಜಿಲ್ಲೆ. ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರು ಬ್ಯಾಂಕಿನವರು ಇದ್ದ ಊರುಗಳು ಇವು. ಆ ಬ್ಯಾಂಕುಗಳಲ್ಲಿ ಮೂರು 2019, 2020ರ ವಿಲೀನದಲ್ಲಿ ಹೆಸರೇ ಕಳೆದುಕೊಂಡವು. ಆದರೂ ಸಂಬಂಧ ನೋಡುವಾಗ ‘ಬ್ಯಾಂಕಿನಲ್ಲಿದ್ದಾನೆ’ ಎಂಬ ಮಾತಿಗೆ ಇವತ್ತೂ ಬೆಲೆ ಇದೆ.

ಗಡಿಯ ಮಕ್ಕಳಿಗೆ ಇದರಲ್ಲಿ ಒಂದು ತೊಡಕೂ ಇದೆ. ಬ್ಯಾಂಕಿನ ಗುಮಾಸ್ತ ಹುದ್ದೆಗೆ ಒಂದೇ ರಾಜ್ಯಕ್ಕೆ ಅರ್ಜಿ ಹಾಕಬೇಕು, ಆ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು ಬರಬೇಕು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಆದರೆ ಸರಾಗವಾಗಿ ಬರೆಯುವವರು ಕಡಿಮೆ. ಹಾಗಾಗಿ ಇರುವುದು ಕೇರಳದಲ್ಲಿ, ಅರ್ಜಿ ಹಾಕುವುದು ಕರ್ನಾಟಕಕ್ಕೆ. ಅಧಿಕಾರಿ ಹುದ್ದೆ ಇಡೀ ದೇಶದ್ದು, ಅಲ್ಲಿ ಈ ತಾಪತ್ರಯ ಇಲ್ಲ, ಆದರೆ ಸ್ಪರ್ಧೆ ಜಾಸ್ತಿ. ಈ ಹುಡುಗಿ ಎರಡಕ್ಕೂ ಓದುತ್ತಿದ್ದಳು. ಟ್ರೈನಿ ಹುದ್ದೆಯ ಜಾಹೀರಾತು ಕಣ್ಣಿಗೆ ಬಿದ್ದದ್ದು ನಡುವೆ. ‘ಸುಮ್ನೆ ಹಾಕಿ ನೋಡ್ತೇನೆ ಸರ್’ ಎಂದಳು.

ಸುಮ್ನೆ ಹಾಕಿದ ಅರ್ಜಿ ಮೊದಲ ಹಂತದಲ್ಲೇ ಹೋಗುವುದು ಮಾಮೂಲು. ಇಲ್ಲಿ ಹಾಗಾಗಲಿಲ್ಲ. ಹತ್ತನೆಯಿಂದ ಇಲ್ಲಿಯವರೆಗೆ ಶೇಕಡಾ 60 ಬೇಕಿತ್ತು, ಇತ್ತು. ‘ಈ ಕೆಲಸ ಯಾಕೆ’ ಎಂಬ ಪ್ರಶ್ನೆಗೆ ಬರೆದದ್ದು ಸಾಧಾರಣ ಉತ್ತರ. ಇಂಥ ಆಯ್ಕೆಗಳಲ್ಲಿ ಮೊದಲ ಎರಡು ಹಂತ ಇರುವುದು ಜನರನ್ನು ಕಡಿಮೆ ಮಾಡಲಿಕ್ಕೆ. ಅಲ್ಲಿ ಉಳಿದುಕೊಂಡರೆ ಹೊರಗೆ ಬೀಳಲಿಲ್ಲ ಎಂದಷ್ಟೇ ಅರ್ಥ. ಅದಕ್ಕೆ ಯಾರೂ ಪಾಯಸ ಮಾಡಬೇಕಾಗಿಲ್ಲ.

ಆನ್‌ಲೈನ್ ಪರೀಕ್ಷೆ

ಬ್ಯಾಂಕ್ ತಯಾರಿ ಇಲ್ಲಿ ಅರ್ಧ ನೆರವಾಯಿತು, ಅರ್ಧ ತೊಂದರೆ ಕೊಟ್ಟಿತು. ಬ್ಯಾಂಕ್ ಅಧಿಕಾರಿ ಹುದ್ದೆಯ ಪ್ರಾಥಮಿಕ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಆ ಅಭ್ಯಾಸದಿಂದ ಕೈ ಚುರುಕಾಗಿತ್ತು. ಕಂಪನಿಯ ಲೆಕ್ಕದ ಭಾಗದಲ್ಲಿ ಸೂತ್ರ ಬೇಡ, ಕ್ಯಾಲ್ಕುಲೇಟರ್ ಬಳಸಬಹುದು. ಕೋಷ್ಟಕ ನೋಡಿ, ಯಾವ ಸಾಲು, ಯಾವ ವರ್ಷ, ಸಾವಿರವೋ ಲಕ್ಷವೋ ಎಂದು ಸರಿಯಾಗಿ ಓದಿದರೆ ಮುಗಿಯಿತು. ಅಲ್ಲಿ ಆಕೆಗೆ ಕಷ್ಟವಾಗಲಿಲ್ಲ.

ಸಿಕ್ಕಿಬಿದ್ದದ್ದು ಭಾಷೆಯ ಭಾಗದಲ್ಲಿ. ಒಂದು ಪ್ಯಾರಾ ಕೊಡುತ್ತಾರೆ, ಕೆಳಗೆ ಒಂದು ಹೇಳಿಕೆ. ಉತ್ತರ ಮೂರರಲ್ಲಿ ಒಂದು: ಸರಿ, ತಪ್ಪು, ಕೊಟ್ಟ ಮಾಹಿತಿಯಿಂದ ಹೇಳಲಾಗದು. ಅಭ್ಯಾಸಕ್ಕೆಂದು ನಾನೇ ಒಂದು ಬರೆದುಕೊಟ್ಟೆ. ‘ಕಂಪನಿ ಈ ವರ್ಷ ಎರಡು ಗೋದಾಮು ತೆರೆಯಿತು. ಮಾರಾಟವೂ ಏರಿತು.’ ಹೇಳಿಕೆ: ಗೋದಾಮು ತೆರೆದದ್ದರಿಂದ ಮಾರಾಟ ಏರಿತು. ಆಕೆ ಕಣ್ಣು ಮುಚ್ಚಿ ‘ಸರಿ’ ಎಂದಳು. ಅದರಿಂದಲೇ ಏರಿತು ಎಂದು ಎಲ್ಲಿದೆ ಎಂದು ಕೇಳಿದೆ. ‘ಮತ್ತೆ ಯಾವುದರಿಂದ ಏರೀತು ಸರ್?’ ಎಂದು ನನ್ನನ್ನೇ ಕೇಳಿದಳು.

‘ಮಾಹಿತಿ ಸಾಲದು’ ಎಂಬ ಉತ್ತರ ಬ್ಯಾಂಕ್ ಪರೀಕ್ಷೆಯಲ್ಲೂ ಉಂಟು. ಆದರೆ ಅಲ್ಲಿ ಅದು ಯಾವ ಬಗೆಯ ಪ್ರಶ್ನೆಯಲ್ಲಿ ಬರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಪ್ರತಿ ಪ್ರಶ್ನೆಯಲ್ಲೂ ಅದು ಕಾದು ಕೂತಿರುತ್ತದೆ. ನಮ್ಮ ಮಕ್ಕಳಿಗೆ ಅದನ್ನು ಒತ್ತಲು ಧೈರ್ಯ ಸಾಲದು, ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತದೆ. ಈ ಮೂರನೆಯ ಉತ್ತರದ ಮೇಲೆ ನಾವು ಬಹಳ ಹೊತ್ತು ಕೂತೆವು. ಆಮೇಲಿನ ಹಂತಗಳಿಗೂ ಅದೇ ಪ್ರಯೋಜನಕ್ಕೆ ಬಂತು. ಅಷ್ಟು ಮುಂದಿನದ್ದು ಯೋಚಿಸಿ ಕೂತದ್ದೇನೂ ಅಲ್ಲ.

ಸ್ವಭಾವ ನೋಡುವ ಪ್ರಶ್ನೆಗಳೂ ಇದ್ದವು. ಅದಕ್ಕೆ ತಯಾರಿ ಎಂಬುದಿಲ್ಲ. ಒಂದೇ ವಿಷಯವನ್ನು ತಿರುಗಿಸಿ ತಿರುಗಿಸಿ ಕೇಳುತ್ತಾರೆ, ಒಳ್ಳೆಯವರಾಗಿ ಕಾಣಲು ಹೊರಟರೆ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ವಿಡಿಯೋ ಸಂದರ್ಶನ

ಎದುರಿಗೆ ಮನುಷ್ಯರಿಲ್ಲ. ಪರದೆಯಲ್ಲಿ ಪ್ರಶ್ನೆ ಬರುತ್ತದೆ, ಯೋಚಿಸಲು ಅರ್ಧ ನಿಮಿಷ, ಮಾತಾಡಲು ಎರಡು ನಿಮಿಷ. ಜುಲೈ ತಿಂಗಳು. ಮನೆಯ ಮುಂದಿನ ಚಾವಡಿಗೆ ತಗಡಿನ ಮಾಡು. ಮಳೆ ಹೊಡೆದರೆ ಒಳಗೆ ಮಾತೇ ಕೇಳಿಸದು, ಕರೆಂಟಿನ ಭರವಸೆಯೂ ಇಲ್ಲ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ನೆಟ್ ಇದೆ, ಆದರೆ ಪಕ್ಕದಲ್ಲಿ ಯಾರದೋ ರೇಷನ್ ಕಾರ್ಡಿನ ಮಾತು ನಡೆಯುತ್ತಿರುತ್ತದೆ. ಕೊನೆಗೆ ಮಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿ ಕೂತಳು. ಇಂಥ ಸಣ್ಣ ಏರ್ಪಾಡು ಮಾಡಿಕೊಳ್ಳದೆ ಹೊರಗೆ ಬಿದ್ದವರನ್ನು ನೋಡಿದ್ದೇನೆ.

ಅದಕ್ಕೂ ಮೊದಲು ಫೋನಿನಲ್ಲಿ ಅಭ್ಯಾಸದ ರೆಕಾರ್ಡಿಂಗ್ ಮಾಡಿ ಕಳಿಸುತ್ತಿದ್ದಳು. ಪ್ರಶ್ನೆ: ಯಾರದಾದರೂ ಮನಸ್ಸು ಬದಲಿಸಿದ ಒಂದು ಸಂದರ್ಭ ಹೇಳಿ. ಉತ್ತರದಲ್ಲಿ ಎನ್‌ಎಸ್‌ಎಸ್ ಶಿಬಿರ ಬಂತು, ಒಗ್ಗಟ್ಟು ಬಂತು, ‘ನಾವೆಲ್ಲ ಸೇರಿ’ ಬಂತು. ಇಂಗ್ಲಿಷ್ ಏನೂ ಕೆಟ್ಟದಿರಲಿಲ್ಲ. ಆದರೆ ಎರಡು ನಿಮಿಷದಲ್ಲಿ ಆಕೆ ಏನು ಮಾಡಿದಳು ಎಂಬುದು ಒಂದು ಸಲವೂ ಬರಲಿಲ್ಲ. ಅಂಕ ಹಾಕುವವರು ಹುಡುಕುವುದು ಅದನ್ನೇ. ಪರಿಸ್ಥಿತಿ ಏನಿತ್ತು, ನಿನ್ನ ಪಾಲಿಗೆ ಏನು ಬಂತು, ನೀನು ಏನು ಮಾಡಿದೆ, ಕೊನೆಗೆ ಏನಾಯಿತು. ಈ ನಾಲ್ಕರಲ್ಲಿ ಮೂರನೆಯದಕ್ಕೆ ಅರ್ಧಕ್ಕಿಂತ ಹೆಚ್ಚು ಸಮಯ ಕೊಡಬೇಕು.

‘ಅಪ್ಪನ ಮನಸ್ಸು ಯಾವತ್ತಾದರೂ ಬದಲಿಸಿದ್ದೀಯಾ?’ ಎಂದು ಕೇಳಿದೆ. ನಕ್ಕಳು. ಆಮೇಲೆ ಅಂಗಡಿಯ ಸಾಲದ ಪುಸ್ತಕದ ವಿಷಯ ಹೊರಗೆ ಬಂತು.

ನಮ್ಮ ಕಡೆ ಮಳೆಗಾಲದಲ್ಲಿ ಕೈಯಲ್ಲಿ ದುಡ್ಡು ಕಡಿಮೆ. ಅಡಿಕೆ ಮಾರಿದಾಗ ಅಂಗಡಿಯ ಲೆಕ್ಕ ಚುಕ್ತಾ. ಆ ಸಾಲ ಬರುವ ಸಾಲ. ಆದರೆ ಅದೇ ಪುಸ್ತಕದಲ್ಲಿ ಎರಡು ಮೂರು ವರ್ಷದ ಹಳೆ ಬಾಕಿಯೂ ಬೆರೆತುಕೊಂಡಿತ್ತು. ಅಪ್ಪ ಎಲ್ಲರಿಗೂ ಒಂದೇ ನಿಯಮ ಹಾಕಿದ್ದರು: ಮುಖ ನೋಡಿ ಕೊಡುವುದು. ಹುಡುಗಿ ಒಂದು ರಜೆಯಲ್ಲಿ ಕೂತು ಪುಸ್ತಕವನ್ನು ಎರಡಾಗಿ ಬರೆದಳು. ಒಂದರಲ್ಲಿ ಅಡಿಕೆ ಮಾರಿದಾಗ ಕೊಡುವವರು, ಇನ್ನೊಂದರಲ್ಲಿ ಅಡಿಕೆ ಮಾರಿದರೂ ಕೊಡದವರು. ಎರಡನೆಯ ಪುಸ್ತಕದಲ್ಲಿ ಮನೆಗಳು ಕೆಲವೇ, ಆದರೆ ಬಾಕಿಯ ಹೆಚ್ಚಿನ ಪಾಲು ಅಲ್ಲೇ ಇತ್ತು. ಆ ಮನೆಗಳಿಗೆ ಮಾತ್ರ, ಹಳೆಯದರಲ್ಲಿ ಸ್ವಲ್ಪ ಕೊಟ್ಟರೆ ಹೊಸದು ಎಂಬ ಷರತ್ತು. ಅಪ್ಪ ಮೊದಲು ಒಪ್ಪಲಿಲ್ಲ. ‘ಆಚೆ ಅಂಗಡಿಗೆ ಹೋಗ್ತಾರೆ’ ಎಂದರು. ಓಣಂವರೆಗೆ ಮಾತ್ರ ನೋಡೋಣ ಎಂದು ಒಪ್ಪಿಸಿದಳು. ಇಬ್ಬರು ಆಚೆ ಅಂಗಡಿಗೆ ಹೋದದ್ದು ನಿಜ. ಉಳಿದವರಿಂದ ಬಾಕಿ ಬರತೊಡಗಿತು.

‘ಇದನ್ನು ಹೇಳಲಿಕ್ಕೆ ನಾಚಿಕೆ ಆಗ್ತದೆ ಸರ್, ಅಂಗಡಿ ಕಥೆ’ ಎಂದಳು. ಆದರೆ ಜಿನಸಿ ಅಂಗಡಿಗೆ ಮಾಲು ಮಾರಿಯೇ ಬದುಕುವ ಕಂಪನಿ ಅದು. ಅವರಿಗೆ ಈ ಕಥೆ ಬೇಡವೆಂದರೆ ಇನ್ಯಾರಿಗೆ ಬೇಕು, ಅಲ್ವಾ? ಇಬ್ಬರು ಬಿಟ್ಟು ಹೋದದ್ದನ್ನೂ ಹೇಳು ಎಂದೆ. ಪೂರ್ತಿ ಗೆದ್ದ ಕಥೆಯನ್ನು ಯಾರೂ ನಂಬುವುದಿಲ್ಲ.

ಕೊಚ್ಚಿಯಲ್ಲಿ ಒಂದು ದಿನ

ಕೊನೆಯ ಹಂತ ಅಸೆಸ್‌ಮೆಂಟ್ ಸೆಂಟರ್, ಅಂದರೆ ಇಡೀ ದಿನದ ಪರೀಕ್ಷೆ. ರಾತ್ರಿಯ ರೈಲಿನಲ್ಲಿ ಹೋದರೆ ಎರ್ನಾಕುಳದಲ್ಲಿ ಅಪರಾತ್ರಿಯಲ್ಲಿ ಇಳಿದು ಬೆಳಗಿನವರೆಗೆ ಸ್ಟೇಷನ್ನಿನಲ್ಲಿ ಕೂರಬೇಕು. ಅಪ್ಪ-ಮಗಳು ಹಿಂದಿನ ದಿನವೇ ಬೆಳಗ್ಗೆ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರು.

ಬೆಳಗ್ಗಿನ ಚಹಾದ ಹೊತ್ತಿಗೇ ಆಕೆ ಎಲ್ಲಿಯವಳೆಂದು ಎಲ್ಲರಿಗೂ ಗೊತ್ತಾಯಿತು. ನಮ್ಮ ಕಾಸರಗೋಡಿನ ಮಲಯಾಳ ಕೇಳಿದರೆ ತೆಂಕಣದವರು ನಗುತ್ತಾರೆ. ಇವಳೂ ಜೊತೆಗೆ ನಕ್ಕಳಂತೆ. ಅದು ಒಳ್ಳೆಯದೇ ಆಯಿತು, ಮಾತು ಶುರುವಾಯಿತು.

ಮೊದಲನೆಯದು ಗುಂಪು ಚಟುವಟಿಕೆ. ಆರು ಮಂದಿ, ಐದು ಊರು, ಒಂದು ಬಜೆಟ್. ಯಾವ ಮೂರು ಊರಿನಲ್ಲಿ ಡಿಪೋ ತೆರೆಯಬೇಕೆಂದು ಒಟ್ಟಾಗಿ ತೀರ್ಮಾನಿಸಬೇಕು. ಪ್ರತಿಯೊಬ್ಬರ ಹಾಳೆಯಲ್ಲೂ ಬೇರೆಯವರಿಗಿಲ್ಲದ ಒಂದಿಷ್ಟು ಮಾಹಿತಿ. ಇವಳ ಹಾಳೆಯಲ್ಲಿ ಒಂದು ಊರಿನ ಬಾಡಿಗೆ ಮೂರು ತಿಂಗಳಿನದ್ದು, ಉಳಿದ ಊರುಗಳದ್ದು ವರ್ಷದ್ದು. ಅಗ್ಗವೆಂದು ಎಲ್ಲರೂ ಹಿಡಿದಿದ್ದ ಊರು ಲೆಕ್ಕ ಹಾಕಿದರೆ ಎಲ್ಲಕ್ಕಿಂತ ದುಬಾರಿ. ಆಕೆಗೆ ಅದು ಮೊದಲ ಐದು ನಿಮಿಷದಲ್ಲೇ ಕಂಡಿತು. ಹೇಳಿದಳು ಕೂಡ, ಮೆಲ್ಲಗೆ. ಆಗ ಇಬ್ಬರು ಹುಡುಗರು ಬಂದರಿನ ಹತ್ತಿರದ ಊರಿನ ಬಗ್ಗೆ ಜೋರಾಗಿ ವಾದ ಮಾಡುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದವಳು ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಗಟ್ಟಿಯಾಗಿ ಹೇಳಿದಳು, ಗುಂಪು ಅವಳ ಕಡೆ ತಿರುಗಿತು. ನಮ್ಮ ಹುಡುಗಿ ಅಲ್ಲಿಂದ ಮುಂದೆ ಹೆಚ್ಚು ಮಾತಾಡಲಿಲ್ಲ.

ಇಂಥ ಕಡೆ ಕೋಣೆಯ ಮೂಲೆಯಲ್ಲಿ ಕೂತ ಪರೀಕ್ಷಕರು ಯಾರು ಏನು ಹೇಳಿದರೆಂದು ಬರೆದುಕೊಳ್ಳುತ್ತಿರುತ್ತಾರೆ. ಆದರೆ ಅವರಿಗೂ ಕಿವಿ ಎರಡೇ. ಹಾಳೆಯನ್ನು ಮೇಜಿನ ಮಧ್ಯಕ್ಕೆ ತಳ್ಳಿ ‘ಈ ಬಾಡಿಗೆ ಮೂರು ತಿಂಗಳದ್ದು, ನೋಡಿ’ ಎಂದು ಬೆರಳಿಟ್ಟು ತೋರಿಸಿದ್ದರೆ ಸಾಕಿತ್ತು. ಜೋರು ದನಿಯೇನೂ ಬೇಕಾಗಿರಲಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ಕಲಿಸಿ ಬೆಳೆಸಿದ ಮಕ್ಕಳು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಇದು ನ್ಯಾಯವಾ ಎಂದು ಕೇಳಿದರೆ, ಪೂರ್ತಿ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆಟದ ನಿಯಮ ಹಾಗಿದೆ.

ಇಮೇಲ್‌ಗಳ ರಾಶಿ ಕೊಟ್ಟು ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಮಧ್ಯಾಹ್ನದ ಮೇಲೆ ಬಂದದ್ದು ಕೇಸ್, ಅಂದರೆ ವ್ಯಾಪಾರದ ಒಂದು ಸಮಸ್ಯೆ ಕೊಟ್ಟು ಪರಿಹಾರ ಕೇಳುವುದು. ಅದೇ ಈ ಪ್ರಕರಣದ ತಿರುಳು.

ಸಮಸ್ಯೆ ಹೀಗಿತ್ತು. ಐದು ರೂಪಾಯಿಯ ಬಿಸ್ಕತ್ತು ಪ್ಯಾಕಿನ ಮಾರಾಟ ಒಂದು ಹಳ್ಳಿಗಾಡಿನ ವಲಯದಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಐದರಲ್ಲಿ ಒಂದು ಪಾಲು ಬಿದ್ದಿದೆ. ಕಾರಣ ಏನು, ಏನು ಮಾಡುತ್ತೀರಿ? ತಯಾರಿಗೆ ಅರ್ಧ ಗಂಟೆ. ಆಕೆ ಬರೆದ ಕಾರಣಗಳು: ಮಳೆಗಾಲದಲ್ಲಿ ಬಿಸ್ಕತ್ತು ಮೆತ್ತಗಾಗುತ್ತದೆಂದು ಅಂಗಡಿಯವರು ಕಡಿಮೆ ಇಳಿಸುತ್ತಾರೆ, ಜನರ ಕೈಯಲ್ಲಿ ದುಡ್ಡಿಲ್ಲ, ರಸ್ತೆ ಕೆಟ್ಟು, ಅಂಗಡಿಗಳಿಗೆ ಮಾಲು ತರುವ ಲೈನ್ ಗಾಡಿ ವಾರ ಬಿಟ್ಟು ವಾರ ಬರುತ್ತದೆ. ಎಲ್ಲ ಅಂಗಡಿಯಲ್ಲಿ ಕಣ್ಣಾರೆ ಕಂಡದ್ದು.

ಸಮಿತಿಯಲ್ಲಿದ್ದ ಹಿರಿಯರು ತಡೆದರು. ‘ಇದು ನಿಮ್ಮ ಅಂಗಡಿ. ಇಡೀ ವಲಯ ಹೀಗೇ ಇದೆ ಎಂದು ಹೇಗೆ ಗೊತ್ತು?’

ಇಲ್ಲಿ ಹೆಚ್ಚಿನವರು ತಮ್ಮ ಉತ್ತರಕ್ಕೇ ಜೋತುಬೀಳುತ್ತಾರೆ. ಆಕೆ ‘ಇಷ್ಟರಿಂದ ಹೇಳಲಿಕ್ಕಾಗುವುದಿಲ್ಲ’ ಎಂದಳು. ಆಮೇಲೆ, ಹೇಳಬೇಕಾದರೆ ಏನು ನೋಡಬೇಕು ಎಂದು ಶುರು ಮಾಡಿದಳು. ಬಿದ್ದದ್ದು ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಮಾಲೋ, ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಹೋಗುವ ಮಾಲೋ? ಇವೆರಡು ಬೇರೆ ಲೆಕ್ಕ. ಮೊದಲನೆಯದು ಮಾತ್ರ ಬಿದ್ದಿದ್ದರೆ ತಿನ್ನುವವರು ಕಡಿಮೆಯಾಗಿಲ್ಲ, ಹಿಂದಿನ ಮೂರು ತಿಂಗಳಲ್ಲಿ ಇಳಿಸಿದ ಮಾಲು ಗೋದಾಮಿನಲ್ಲೇ ಇದೆ ಎಂದರ್ಥ.

ಅದು ಯಾಕೆ ಹಾಗಾಗುತ್ತದೆ ಎಂದು ಮರುಪ್ರಶ್ನೆ ಬಂತು. ಜೂನ್ ಕೊನೆಯ ವಾರ ಅಪ್ಪನ ಅಂಗಡಿಗೆ ಸೇಲ್ಸ್‌ಮನ್ ಬಂದು ‘ಅಣ್ಣಾ, ಇನ್ನೆರಡು ಬಾಕ್ಸ್ ಇಳಿಸ್ತೇನೆ, ಟಾರ್ಗೆಟ್ ಮುಗೀಲಿ, ದುಡ್ಡು ಆಮೇಲೆ ಕೊಡಿ’ ಎನ್ನುವುದನ್ನು ಹೇಳಿದಳು. ಅಂಗಡಿಯಲ್ಲೇ ಹೀಗಾದರೆ ಡಿಸ್ಟ್ರಿಬ್ಯೂಟರ್ ಮೇಲೆ ಇನ್ನೂ ದೊಡ್ಡ ಒತ್ತಡ ಇರಬಹುದು, ಅದು ತನ್ನ ಊಹೆ, ಸ್ಟಾಕ್ ಎಣಿಸಿ ನೋಡಿದರೆ ಗೊತ್ತಾಗುತ್ತದೆ ಎಂದಳು. ಅಲ್ಲಿಂದ ಮುಂದೆ ಹಿರಿಯರು ಪೆನ್ನು ಕೆಳಗಿಟ್ಟು ಮಾತಿಗೆ ಕೂತರಂತೆ.

ಊರಿನ ಅನುಭವ ಹೇಳಿದ್ದಕ್ಕೇ ಆಕೆ ಮೆಚ್ಚುಗೆ ಪಡೆದಳು ಎಂದು ಈ ಪ್ರಕರಣ ಕೇಳಿದವರೆಲ್ಲ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಊರಿನ ಅನುಭವವನ್ನು ಉತ್ತರ ಎಂದು ಕೊಟ್ಟಾಗ ಅವರು ತಡೆದರಲ್ಲ? ಅದೇ ಅನುಭವವನ್ನು ‘ಎಲ್ಲಿ ಹುಡುಕಬೇಕು’ ಎಂಬುದಕ್ಕೆ ಬಳಸಿದಾಗ ಮಾತ್ರ ಬಾಗಿಲು ತೆರೆಯಿತು. ಪ್ರಶ್ನೆ ಕಂಡ ಕೂಡಲೇ ಉತ್ತರ ಗುರುತು ಹಾಕುವ ಕೈ ಬ್ಯಾಂಕ್ ಪರೀಕ್ಷೆಗೆ ಬೇಕು. ಇಲ್ಲಿ ಆ ಕೈಯನ್ನು ಸ್ವಲ್ಪ ಹೊತ್ತು ತಡೆದು ಹಿಡಿಯಬೇಕು.

ವೈಯಕ್ತಿಕ ಸಂದರ್ಶನದಲ್ಲಿ ಭಾಷೆಯ ಮಾತು ಬಂತು. ಅರ್ಜಿಯಲ್ಲಿ ‘ಮಲಯಾಳ: ಮಾತಾಡುತ್ತೇನೆ, ನಿಧಾನವಾಗಿ ಓದುತ್ತೇನೆ’ ಎಂದು ಬರೆದಿದ್ದಳು. ಪಕ್ಕದಲ್ಲಿ ಕನ್ನಡ, ತುಳು. ಉತ್ತರ ಕೇರಳಕ್ಕೂ ದಕ್ಷಿಣ ಕನ್ನಡಕ್ಕೂ ಹಾಕಬಹುದಾದವಳು ಎಂದು ಅವರು ಲೆಕ್ಕ ಹಾಕಿರಬೇಕು. ಓದು ಸುಧಾರಿಸಿಕೊಳ್ಳಲು ಎಷ್ಟು ತಿಂಗಳು ಬೇಕು ಎಂದಷ್ಟೇ ಕೇಳಿದರು.

ಫಲಿತಾಂಶ, ಬಾಂಡ್, ಅಪ್ಪ

ಬಂದದ್ದು ಮೀಸಲು ಪಟ್ಟಿ. ಜೊತೆಗೆ ಎರಡು ಸಾಲಿನ ಅಭಿಪ್ರಾಯ: ವಿಶ್ಲೇಷಣೆ ಚೆನ್ನಾಗಿದೆ, ಗುಂಪಿನಲ್ಲಿ ತಡವಾಗಿ ತೊಡಗಿಕೊಂಡಿದ್ದಾರೆ. ಆಕೆ ಎರಡನೆಯ ಸಾಲನ್ನು ಮಾತ್ರ ಓದಿಕೊಂಡು ಅತ್ತಳು.

ಮೀಸಲು ಪಟ್ಟಿ ಎಂದರೆ ಮರ್ಯಾದೆಯಿಂದ ಇಲ್ಲ ಎನ್ನುವ ರೀತಿ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆಯ್ಕೆಯಾದವರಲ್ಲಿ ಕೆಲವರು ಬೇರೆ ಕಡೆ ಹೋಗುತ್ತಾರೆಂದು ಕಂಪನಿಗೆ ಗೊತ್ತು. ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಾಗಲೇ ಆ ಜಾಗ ಖಾಲಿಯಾಗುವುದು. ಪಟ್ಟಿ ಯಾವ ತಾರೀಕಿನವರೆಗೆ ನಡೆಯುತ್ತದೆ ಎಂದು ಕೇಳಿ ಒಂದು ಇಮೇಲ್ ಹಾಕಲು ಹೇಳಿದೆ. ಉತ್ತರ ಬಂತು. ಆಮೇಲೆ ಆಕೆ ಬ್ಯಾಂಕ್ ಪುಸ್ತಕಕ್ಕೆ ಮರಳಿದಳು, ಕರ್ನಾಟಕದ ಗುಮಾಸ್ತ ಹುದ್ದೆಯ ಮುಖ್ಯ ಪರೀಕ್ಷೆಯನ್ನೂ ಬರೆದಳು. ಬ್ಯಾಚ್ ಶುರುವಾಗಲು ಸ್ವಲ್ಪವೇ ದಿನ ಇರುವಾಗ ಕಂಪನಿಯಿಂದ ಫೋನ್ ಬಂತು.

ಆಫರ್ ಪತ್ರ ಹಿಡಿದು ಅಪ್ಪ-ಮಗಳು ಇಬ್ಬರೂ ಮನೆಗೆ ಬಂದರು. ‘ಬ್ಯಾಂಕ್ ಕೆಲಸ ಬಿಟ್ಟು ಬಿಸ್ಕತ್ತು ಮಾರಲಿಕ್ಕೆ ಹೋಗುವುದಾ ಮಾಸ್ಟ್ರೇ?’ ಎಂದು ಅಪ್ಪ ಕೇಳಿದರು. ಬ್ಯಾಂಕ್ ಕೆಲಸ ಇನ್ನೂ ಸಿಕ್ಕಿಲ್ಲ ಅಪ್ಪ ಎಂದು ಮಗಳು ನೆನಪಿಸಬೇಕಾಯಿತು.

ಪತ್ರದಲ್ಲಿ ಎರಡು ಜಾಗ ನಿಧಾನಕ್ಕೆ ಓದಿದೆವು. ಒಂದು ಸಂಬಳ. ವರ್ಷದ ದೊಡ್ಡ ಮೊತ್ತದೊಳಗೆ ಪಿ.ಎಫ್.ಗೆ ಕಂಪನಿ ಹಾಕುವ ಪಾಲೂ ಸೇರಿತ್ತು, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಹಣವೂ ಸೇರಿತ್ತು. ಅವನ್ನು ಕಳೆದು ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಬರೆದು ನೋಡಿದೆವು.

ಇನ್ನೊಂದು ಬಾಂಡ್. ಇಂತಿಷ್ಟು ಕಾಲ ಬಿಡಬಾರದು, ಬಿಟ್ಟರೆ ಹಣ ಕಟ್ಟಬೇಕು. ‘ಅದೆಲ್ಲ ಸುಮ್ನೆ ಹೆದರಿಸಲಿಕ್ಕೆ’ ಎಂದು ಯಾರೋ ಆಕೆಗೆ ಹೇಳಿದ್ದರು. ಸುಮ್ನೆ ಅಲ್ಲ. ನಮ್ಮ ಮಂಗಳೂರಿನ ಹಳೆಯ ವಿಜಯಾ ಬ್ಯಾಂಕಿನದ್ದೇ ಪ್ರಕರಣ ಇದೆ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕು, ಖಾಸಗಿ ಕಂಪನಿಯ ಬಾಂಡ್‌ಗೆಲ್ಲ ಅದೇ ಮಾತು ಹಾಗೇ ಹೊಂದುತ್ತದೆ ಎನ್ನುವಂತಿಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ, ಬರೆದ ಮೊತ್ತವೇ ಅದರ ಗರಿಷ್ಠ ಮಿತಿ. ಆದರೂ ಸಹಿ ಹಾಕುವಾಗ ಕಟ್ಟಬೇಕಾದೀತು ಎಂದುಕೊಂಡೇ ಹಾಕಬೇಕು. ಗುಮಾಸ್ತ ಹುದ್ದೆ ಸಿಕ್ಕಿದರೆ ಇದನ್ನು ಬಿಟ್ಟು ಹೋಗುತ್ತೀಯಾ ಎಂದು ಕೇಳಿದೆ. ಇಲ್ಲ, ಅಧಿಕಾರಿ ಹುದ್ದೆ ಸಿಕ್ಕಿದರೆ ಯೋಚಿಸುತ್ತೇನೆ ಎಂದಳು. ಹಾಗಾದರೆ ಬಾಂಡಿನ ಹಣ ಅಪ್ಪನ ಲೆಕ್ಕದಲ್ಲಿ ಇರಬೇಕು ಎಂದೆ. ಅಪ್ಪ ತಲೆ ಅಲ್ಲಾಡಿಸಿದರು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಮಗಳು ಸಹಿ ಹಾಕಿದಳು.

ಮೊದಲು ಹಾಕಿದ್ದು ಕಾಞಂಗಾಡಿನ ಲೈನಿಗೆ. ಡಿಸ್ಟ್ರಿಬ್ಯೂಟರ್ ಗೋದಾಮಿನ ಸ್ಟಾಕ್ ಎಣಿಸುವುದು ಮೊದಲ ಕೆಲಸ. ಅಂಗಡಿಯವರು ಕೈಬರಹದಲ್ಲಿ ಬರೆದು ಕೊಡುವ ಮಲಯಾಳ ಚೀಟಿ ಓದುವುದೇ ಎಲ್ಲಕ್ಕಿಂತ ಕಷ್ಟ, ಅಚ್ಚಿನದ್ದು ಈಗ ಸಲೀಸು ಎಂದು ಫೋನಿನಲ್ಲಿ ಹೇಳಿದಳು. ಡಿಸೆಂಬರ್ ಕೊನೆಯ ವಾರ ಟಾರ್ಗೆಟ್‌ಗೆ ಏನು ಮಾಡಿದೆ ಎಂದು ಕೇಳಿದೆ. ‘ಬಾಕ್ಸ್ ಇಳಿಸಿದೆ ಸರ್. ಹೋಗುವಷ್ಟೇ ಇಳಿಸಿದೆ. ಟಾರ್ಗೆಟ್ ಮುಟ್ಟಲಿಲ್ಲ’ ಎಂದಳು. ಮ್ಯಾನೇಜರ್ ಬೈದರಂತೆ.